ಕೆಂಪು ಗಾರೆ ನೆಲದ ಹಳೆ ಮನೆಗೆ ಯಾವ ಬಣ್ಣ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಸುಮಾರು ಎಂಬತ್ತು ವರ್ಷದ ಹೆಂಚಿನ ಮನೆ. ನಡುವೆ ಸಣ್ಣ ತೊಟ್ಟಿ, ಸುತ್ತ ಮರದ ಕಂಬ, ರೆಡ್ ಆಕ್ಸೈಡ್ ನೆಲ, ಕಲ್ಲು-ಮಣ್ಣಿನ ಗೋಡೆಗೆ ಸುಣ್ಣದ ಗಾರೆ. ಫೆಬ್ರವರಿ ಕೊನೆಗೆ ಮಗಳ ಮದುವೆ, ಅಷ್ಟರೊಳಗೆ ಬಣ್ಣ ಮುಗೀಬೇಕು. ಗೋಡೆಗೆಲ್ಲ ತಿಳಿ ಬೂದು, ಬಾಗಿಲು-ಕಿಟಕಿಗೆ ಬಿಳಿ ಹೊಡೆಸೋಣ ಅಂತಾನೆ ಮಗ. ಪುಟ್ಟಿ ಎಳೆದು ಪ್ಲಾಸ್ಟಿಕ್ ಎಮಲ್ಷನ್ ಹೊಡೆದರೆ ಹೊಸ ಮನೆ ಥರ ಆಗುತ್ತೆ ಅಂತಾರೆ ಪೈಂಟರ್. ಹಿಂದಿನ ಮಲಗುವ ಕೋಣೆಯಲ್ಲಂತೂ ಕೆಳಗಿನ ಮೂರಡಿ ಬಣ್ಣ ಪ್ರತಿ ಮಳೆಗಾಲ ಕಿತ್ತು ಬರುತ್ತೆ. ಶೇಡ್ ಕಾರ್ಡ್ ನೋಡಿ ನೋಡಿ ತಲೆ ಕೆಟ್ಟಿದೆ. ನವೆಂಬರ್ ಬಂತು, ಏನು ಮಾಡೋಣ?

ಉತ್ತರ: ಶೇಡ್ ಕಾರ್ಡನ್ನು ಸದ್ಯಕ್ಕೆ ಮಡಿಸಿಡಿ. ಬದಲಾಯಿಸಲಾಗದ ಮೂರು ಬಣ್ಣ ನಿಮ್ಮ ಮನೆಯಲ್ಲಿ ಆಗಲೇ ಇವೆ: ನೆಲದ ಕೆಂಪು, ಕಂಬ-ತೊಲೆಗಳ ಕಪ್ಪುಗಂದು, ಹೆಂಚಿನ ಅಡಿಭಾಗದ ಕಿತ್ತಳೆಗಂದು. ಮೂರೂ ಬೆಚ್ಚನೆಯ ಬಣ್ಣಗಳೇ. ಗೋಡೆಗೆ ಏನೇ ಹೊಡೆದರೂ ಅದು ಇವುಗಳ ಜೊತೆ ಬಾಳಬೇಕು. ಇನ್ನೊಂದು ಕಡೆ, ಗೋಡೆಯೊಳಗಿನ ತೇವ ಯಾವ ಜಾತಿಯ ಪೈಂಟನ್ನು ಒಪ್ಪುತ್ತದೆ ಅನ್ನುವುದೂ ಬಣ್ಣವನ್ನು ಕಟ್ಟಿಹಾಕುತ್ತದೆ. ಹಳೆ ಮನೆಯಲ್ಲಿ ಬಣ್ಣ ಮತ್ತು ಗೋಡೆ ಎರಡನ್ನೂ ಒಟ್ಟಿಗೇ ತೀರ್ಮಾನಿಸಬೇಕು.

ಮೊದಲು ಮಗನ ಬೂದು ಬಣ್ಣ. ಅಂಗಡಿಯಲ್ಲಿ ಸಿಗುವ ತಿಳಿ ಬೂದುಗಳಲ್ಲಿ ಹೆಚ್ಚಿನವುಗಳ ಒಳಗೆ ನೀಲಿಯ ಛಾಯೆ ಇರುತ್ತದೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಬೆಳಕು, ಅದೂ ನೀಲಿ ಕಡೆಗೇ ವಾಲಿದ್ದು. ಅದು ಸಿಲ್ವರ್ ಓಕ್, ಹಲಸು, ಕಾಫಿ ಗಿಡಗಳ ನಡುವೆ ಸೋಸಿಕೊಂಡು, ತಗ್ಗಿದ ಸೂರಿನ ಅಡಿಯಿಂದ ಒಳಗೆ ಬರುವಷ್ಟರಲ್ಲಿ ಅರ್ಧಕ್ಕರ್ಧ ಕುಂದಿರುತ್ತದೆ. ಆ ಬೆಳಕಿನಲ್ಲಿ ನೀಲಿಬೂದು ಗೋಡೆ ಒದ್ದೆ ಸಿಮೆಂಟಿನ ಹಾಗೆ ಕಾಣುತ್ತದೆ. ಬೆಂಗಳೂರಿನ ಫ್ಲಾಟಿನಲ್ಲಿ ಅದೇ ಬಣ್ಣ ಚೆನ್ನಾಗಿರುವುದು ಬಿಳಿ ಟೈಲ್ಸ್, ದೊಡ್ಡ ಕಿಟಕಿಗಳ ದೆಸೆಯಿಂದ.

ಕೆಂಪು ನೆಲ ಇನ್ನೊಂದು ಆಟ ಆಡುತ್ತದೆ. ತೊಟ್ಟಿಗೆ ಬಿದ್ದ ಬಿಸಿಲು ಪಾಲಿಶ್ ಆದ ನೆಲದಿಂದ ಮೇಲಕ್ಕೆ ಚಿಮ್ಮಿ ಗೋಡೆಯ ಕೆಳಗಿನ ಮೂರು-ನಾಲ್ಕು ಅಡಿಗೆ ಕೆಂಪು ಹೊಳಪು ಬಳಿಯುತ್ತದೆ. ಬಿಸಿಲಿರುವ ಬೆಳಿಗ್ಗೆ ಒಂದು ಬಿಳಿ ಹಾಳೆಯನ್ನು ನೆಲದಿಂದ ಒಂದಡಿ ಮೇಲೆ ಗೋಡೆಗೆ ಒತ್ತಿ ಹಿಡಿಯಿರಿ, ಹಾಗೇ ಮೇಲಕ್ಕೆ ಜಾರಿಸಿ. ಕೆಳಗೆ ನಸುಗೆಂಪಾಗಿದ್ದ ಹಾಳೆ ತಲೆಯ ಮಟ್ಟಕ್ಕೆ ಬರುವಾಗ ಬೆಳ್ಳಗಾಗುತ್ತದೆ. ಈ ಕೆಂಪಿಗೆ ಸಿಕ್ಕಿದರೆ ನೀಲಿಬೂದು ನೇರಳೆಗೆ ತಿರುಗುತ್ತದೆ, ಐವರಿ ಪೀಚ್ ಆಗುತ್ತದೆ, ಗುಲಾಬಿ ಛಾಯೆಯ ಬೀಜ್ ಹಸಿಮಾಂಸದ ಬಣ್ಣಕ್ಕೆ ಇಳಿಯುತ್ತದೆ. ಈ ಕೊನೆಯದನ್ನು ಅಂಗಡಿಯವರೇ ‘ಎಲ್ಲದಕ್ಕೂ ಹೊಂದುತ್ತೆ’ ಎಂದು ಕೊಡುವುದುಂಟು. ಕೆಂಪು ನೆಲದ ಮನೆಗೆ ಇದರಷ್ಟು ಕೆಟ್ಟ ಆಯ್ಕೆ ಬೇರೆ ಇಲ್ಲ.

ಕೆಂಪನ್ನು ತಣಿಸುವುದು ಹಸಿರು. ಆದ್ದರಿಂದ ಹಸಿರು-ಹಳದಿ ಛಾಯೆ ಕಂಡೂ ಕಾಣದಷ್ಟು ಇರುವ ಬಿಳಿ, ಅಂದರೆ ನೀರುಮಜ್ಜಿಗೆ ಬಿಳಿ, ನಿಮ್ಮ ತೊಟ್ಟಿ ಸುತ್ತಲಿನ ಜಗಲಿಗೆ ಮತ್ತು ನಡುಮನೆಗೆ ಸರಿಯಾದ ಬಣ್ಣ. ನೆಲದ ಕೆಂಪು ಅದಕ್ಕೆ ಬಿದ್ದಾಗ ಎರಡೂ ಕಳೆದು ಗೋಡೆ ಬರೀ ಬಿಳಿಯಾಗಿ ಕಾಣುತ್ತದೆ. ಒಂದು ಶೇಡಿನ ಛಾಯೆ ಯಾವ ಕಡೆಗಿದೆ ಎಂದು ತಿಳಿಯಲು ಕಾರ್ಡಿನಲ್ಲಿ ಅದೇ ಪಟ್ಟಿಯ ಅತಿ ಗಾಢ ಬಣ್ಣ ನೋಡಿ. ಮೇಲಿನ ತಿಳಿಯಲ್ಲಿ ಅಡಗಿರುವುದು ಕೆಳಗಿನ ಗಾಢದಲ್ಲಿ ಬಯಲಾಗುತ್ತದೆ: ಅಲ್ಲಿ ಆಲಿವ್ ಕಂಡರೆ ತೆಗೆದುಕೊಳ್ಳಿ, ಗುಲಾಬಿಯೋ ನೇರಳೆಯೋ ಕಂಡರೆ ಬಿಡಿ.

ಎಷ್ಟು ತಿಳಿಯಾಗಿರಬೇಕು ಅನ್ನುವುದಕ್ಕೂ ಒಂದು ಅಳತೆ ಇದೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲನ್ನು ಬಣ್ಣ ಹಿಂದಕ್ಕೆ ಕೊಡುತ್ತದೆ ಅನ್ನುವ ಸಂಖ್ಯೆಗೆ ಎಲ್‌ಆರ್‌ವಿ ಎನ್ನುತ್ತಾರೆ. ದೊಡ್ಡ ಶೇಡ್ ಪುಸ್ತಕಗಳಲ್ಲಿ ಇದನ್ನು ನಮೂದಿಸಿರುವುದುಂಟು, ಡೀಲರ್ ಹತ್ತಿರ ಕೇಳಿ. ಸೂರು ತಗ್ಗಿದ ಮನೆಯ ಒಳಗೋಡೆಗೆ 65ರಿಂದ 75 ಇರಲಿ. 85ರ ಮೇಲಿನ ಅಚ್ಚ ಬಿಳಿ ಬೇಡ; ಕರಿಮರದ ಪಕ್ಕ ಅದು ಕಣ್ಣಿಗೆ ಕುಕ್ಕುತ್ತದೆ, ಬೂಸ್ಟಿನ ಒಂದೊಂದು ಚುಕ್ಕೆಯನ್ನೂ ಎತ್ತಿ ತೋರಿಸುತ್ತದೆ. 50ಕ್ಕಿಂತ ಕೆಳಗಿನದನ್ನು ಓಣಿಯಂಥ ಕತ್ತಲೆ ಜಾಗಕ್ಕೆ ಹಾಕಿದರೆ ಮಳೆಗಾಲದಲ್ಲಿ ಹಗಲೂ ದೀಪ ಬೇಕಾಗುತ್ತದೆ.

ಇಷ್ಟಾದ ಮೇಲೆ ಎರಡೋ ಮೂರೋ ಶೇಡ್ ಉಳಿಯುತ್ತವೆ. ಒಂದೊಂದರ ಚಿಕ್ಕ ಡಬ್ಬಿ ತಂದು, ಎರಡಡಿ ಚದರದ ಪ್ಲೈವುಡ್ ಅಥವಾ ದಪ್ಪ ರಟ್ಟಿಗೆ ಬಿಳಿ ಪ್ರೈಮರ್ ಹಚ್ಚಿ ಎರಡು ಕೋಟ್ ಹೊಡೆಯಿರಿ. ಹಳೆ ಬಣ್ಣದ ಗೋಡೆಯ ಮೇಲೇ ತೇಪೆ ಹಚ್ಚಿ ನೋಡಿದರೆ ಸುತ್ತಲಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಹಲಗೆಯನ್ನು ನೆಲಕ್ಕೆ ತಾಗುವಂತೆ ನಿಲ್ಲಿಸಿ, ಕಂಬದ ಪಕ್ಕ ಹಿಡಿಯಿರಿ, ಮೂಲೆಗೆ ಒಯ್ಯಿರಿ. ಒಂದು ಎಚ್ಚರಿಕೆ: ಡಿಸೆಂಬರ್-ಜನವರಿಯಲ್ಲಿ ಓರೆ ಬಿಸಿಲು ತೊಟ್ಟಿಯ ಉತ್ತರದ ಜಗಲಿಯವರೆಗೂ ಬರುತ್ತದೆ, ಆಗ ಎಲ್ಲ ಬಣ್ಣವೂ ಚೆಂದವೇ. ಬೆಳಿಗ್ಗೆ ಆರೂವರೆ, ಸಂಜೆ ಐದೂವರೆಗೆ ಅರ್ಧ ಕಿಟಕಿ ಮುಚ್ಚಿ ನೋಡಿ. ಜುಲೈನ ಬೆಳಕಿಗೆ ಹತ್ತಿರದ್ದು ಅದು.

ರಾತ್ರಿ ದೀಪದಲ್ಲೂ ನೋಡಬೇಕು. 6500 ಕೆಲ್ವಿನ್‌ನ ಬೆಳ್ಳನೆ ಎಲ್‌ಇಡಿ ಹಾಕಿದರೆ ಕೆಂಪು ನೆಲ ಸತ್ತಂತೆ ಕಾಣುತ್ತದೆ, ಮರ ಕರ್ರಗಾಗುತ್ತದೆ. 2700ರಿಂದ 3000 ಕೆಲ್ವಿನ್‌ನ ಹಳದಿ ಬೆಳಕು ಹಾಕಿದರೆ ಎರಡೂ ಜೀವ ಪಡೆಯುತ್ತವೆ. ಬಲ್ಬಿನ ಡಬ್ಬಿಯ ಮೇಲೆ ಈ ಅಂಕಿ ಬರೆದಿರುತ್ತದೆ. ಬಣ್ಣಕ್ಕೆ ಸುರಿಯುವ ದುಡ್ಡಿನ ಸಣ್ಣ ಪಾಲನ್ನು ಬಲ್ಬು ಬದಲಿಸಲು ಇಟ್ಟುಕೊಳ್ಳಿ.

ನನ್ನ ಪ್ಯಾಲೆಟ್ ಹೀಗಿರುತ್ತದೆ. ಜಗಲಿ, ನಡುಮನೆಗೆ ಮಜ್ಜಿಗೆ ಬಿಳಿ. ಮಲಗುವ ಕೋಣೆಗಳಲ್ಲಿ ಒಂದಕ್ಕೆ ಬೂದುಹಸಿರು, ಒಣಗಿದ ಪತ್ರೆಯಷ್ಟು ಮಂಕಾದದ್ದು. ಮಗನ ಬೂದಿನ ಆಸೆಯೂ ಇಲ್ಲಿ ತೀರುತ್ತದೆ, ಹಸಿರು ಸೇರಿದ ಬೂದು ಕೆಂಪು ನೆಲದ ಮೇಲೆ ಕೆಡುವುದಿಲ್ಲ. ಇನ್ನೊಂದಕ್ಕೆ ತಿಳಿ ಕಾವಿಹಳದಿ, ಅಂದರೆ ಯೆಲ್ಲೋ ಆಕ್ಸೈಡ್ ಬೆರೆಸಿದ ಸುಣ್ಣದ ಹಳದಿ; ನಿಂಬೆಹಳದಿಯಲ್ಲ. ದೇವರ ಕೋಣೆ ಮನೆಯವರ ಇಷ್ಟ, ಚಿಕ್ಕ ಜಾಗದಲ್ಲಿ ಗಾಢ ಬಣ್ಣವೂ ನಡೆಯುತ್ತದೆ. ಮರದ ಮುಚ್ಚಿಗೆ ಇದ್ದಲ್ಲಿ ಅದಕ್ಕೆ ಬಣ್ಣ ಬೇಡವೇ ಬೇಡ. ಒಂದು ಕೋಣೆಯಿಂದ ಬಾಗಿಲ ಮೂಲಕ ಇನ್ನೊಂದು ಕೋಣೆ ಕಾಣುವಂತಿದ್ದರೆ ಆ ಎರಡು ಬಣ್ಣದ ಹಲಗೆಗಳನ್ನೂ ಬಾಗಿಲ ಹತ್ತಿರ ಒಟ್ಟಿಗೆ ನಿಲ್ಲಿಸಿ ನೋಡಿ. ಒಂದೇ ಗೋಡೆಗೆ ಬೇರೆ ಬಣ್ಣ ಹೊಡೆಯುವ ಫ್ಯಾಷನ್ ತೊಟ್ಟಿ ಮನೆಗೆ ಒಗ್ಗದು. ಇಲ್ಲಿ ಕಂಬಗಳೇ ಆ ಕೆಲಸ ಮಾಡುತ್ತಿವೆ.

ಇನ್ನು ಗೋಡೆ. ಈಗ ಅದರ ಮೇಲಿರುವುದು ಏನು ಎಂದು ತಿಳಿಯದೆ ಪೈಂಟ್ ಕೊಳ್ಳಬೇಡಿ. ಬಾಗಿಲ ಹಿಂದಿನ ಮೂಲೆಯಲ್ಲಿ ಬ್ಲೇಡಿನಿಂದ ಓರೆಯಾಗಿ ಕೆರೆದರೆ ಪದರಗಳು ಕಾಣುತ್ತವೆ. ತಳದಲ್ಲಿ ಹಳೆ ನೀಲಿಸುಣ್ಣವೋ ಹಸಿರೋ ಸಿಕ್ಕರೆ ಮನೆಯ ಮೂಲ ಬಣ್ಣವೂ ಗೊತ್ತಾದಂತೆ. ಆಮೇಲೆ ಒದ್ದೆ ಬಟ್ಟೆಯಿಂದ ಒಂದು ನಿಮಿಷ ಉಜ್ಜಿ. ನೀರು ಹನಿಯಾಗಿ ನಿಂತು ಜಾರಿದರೆ ಮೇಲಿರುವುದು ಎಮಲ್ಷನ್ ಅಥವಾ ಆಯಿಲ್ ಪೈಂಟ್. ನೀರು ಹೀರಿಕೊಂಡು ಬಣ್ಣ ಗಟ್ಟಿಯಾಗೇ ನಿಂತರೆ ಸುಣ್ಣ. ಬಣ್ಣ ಕರಗಿ ಬಟ್ಟೆಗೆ ಕೆಸರಿನಂತೆ ಬಂದರೆ ಡ್ರೈ ಡಿಸ್ಟೆಂಪರ್, ಅಂದರೆ ನೀರಿನಲ್ಲಿ ಕಲಸಿ ಬಳಿಯುವ ಪುಡಿಬಣ್ಣ. ಡಿಸ್ಟೆಂಪರ್ ಮೇಲೆ ಏನು ಹೊಡೆದರೂ ನಿಲ್ಲುವುದಿಲ್ಲ, ಪೂರ್ತಿ ತೊಳೆದು ತೆಗೆಯಲೇಬೇಕು. ಹಾಗೆಯೇ ಎಮಲ್ಷನ್ ಮೇಲೆ ಸುಣ್ಣ ಹಿಡಿಯದು. ಪುಡಿ ಉದುರುವ ಸುಣ್ಣದ ಮೇಲೆ ಎಮಲ್ಷನ್ ಹೊಡೆದರೆ ಹೊಪ್ಪಳೆಯಾಗಿ ಏಳುತ್ತದೆ.

ಹಿಂದಿನ ಕೋಣೆಯ ಕಥೆ ಇಲ್ಲೇ ಇದೆ. ಕಲ್ಲು-ಮಣ್ಣಿನ ಗೋಡೆ ಬುಡದಿಂದ ನೀರೆಳೆದು, ಸುಣ್ಣದ ಗಾರೆಯ ಮೂಲಕ ಕೋಣೆಯ ಗಾಳಿಗೆ ಬಿಡುತ್ತಾ ಇರುತ್ತದೆ. ಅದರ ಮೇಲೆ ಪುಟ್ಟಿ, ಪ್ಲಾಸ್ಟಿಕ್ ಪೈಂಟ್ ಬಂದರೆ ದಾರಿ ಮುಚ್ಚಿತು. ನೀರಿನ ಜೊತೆ ಬಂದ ಉಪ್ಪು ಪೈಂಟಿನ ಹಿಂದೆ ಹರಳುಗಟ್ಟಿ ಗುಳ್ಳೆ ಎಬ್ಬಿಸುತ್ತದೆ. ಜಿಪ್ಸಂ ಪುಟ್ಟಿಯಾದರಂತೂ ತೇವಕ್ಕೆ ಮೆತ್ತಗಾಗಿ ಉದುರುತ್ತದೆ. ಮೂರಡಿ ಆಯಿಲ್ ಪೈಂಟ್ ಪಟ್ಟಿ ಹೊಡೆಸಿದರೆ ತೇವ ಅದನ್ನು ದಾಟಿ ನಾಲ್ಕು, ಐದನೇ ಅಡಿಗೆ ಏರುತ್ತದೆ, ಅಷ್ಟೇ. ಸಿಮೆಂಟ್ ತೇಪೆಯದೂ ಇದೇ ಗತಿ, ಅದರ ಅಂಚಿನ ಸುತ್ತ ಗಾರೆ ಕಿತ್ತು ಬರುತ್ತದೆ. ನಿಮ್ಮ ಪೈಂಟರ್ ಹೇಳಿದ್ದು ಹೊಸ ಮನೆಗೆ ಸರಿ, ಈ ಗೋಡೆಗಲ್ಲ.

ಮೊದಲು ಹೊರಗೆ ಹೋಗಿ ನೋಡಿ. ಆ ಗೋಡೆಯ ಬುಡದಲ್ಲಿ ಮಣ್ಣು ಒಳನೆಲದ ಮಟ್ಟಕ್ಕಿಂತ ಎತ್ತರಕ್ಕೆ ಬಂದಿದೆಯೇ, ಸೂರಿನ ನೀರು ಬುಡಕ್ಕೇ ಬೀಳುತ್ತಿದೆಯೇ, ಗೋಡೆಗೆ ತಾಗಿ ಹೂಕುಂಡಗಳಿವೆಯೇ? ಮಣ್ಣನ್ನು ನೆಲದ ಮಟ್ಟಕ್ಕಿಂತ ಕನಿಷ್ಠ ಆರಿಂಚು ಕೆಳಗೆ ಇಳಿಸಿ, ಸೂರಿನ ನೀರಿಗೆ ಚರಂಡಿ ಕೊಡಿ. ತೇವ ಗೋಡೆಯದೋ ಗಾಳಿಯದೋ ಎಂಬ ಅನುಮಾನವಿದ್ದರೆ ಒಂದೂವರೆ ಅಡಿ ಚದರದ ಪಾಲಿಥಿನ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಗೋಡೆಯ ಕಡೆಗೆ ಹನಿಗಟ್ಟಿದರೆ ಗೋಡೆಯ ನೀರು, ಕೋಣೆಯ ಕಡೆಗೆ ಹನಿಗಟ್ಟಿದರೆ ಗಾಳಿಯ ತೇವ; ಎರಡನೆಯದಕ್ಕೆ ಕಿಟಕಿ ತೆಗೆದಿಡುವುದೇ ಮದ್ದು.

ಈ ವಾರವೇ ಕೆಳಗಿನ ಭಾಗದ ಪುಟ್ಟಿ, ಪೈಂಟ್ ಎಲ್ಲ ಗಾರೆ ಕಾಣುವವರೆಗೆ ಕೆರೆಸಿ, ತೇವದ ಗುರುತು ಎಲ್ಲಿಯವರೆಗಿದೆಯೋ ಅದಕ್ಕಿಂತ ಒಂದಡಿ ಮೇಲಿನವರೆಗೆ. ಬಿಳಿ ಉಪ್ಪು ಹೊಮ್ಮಿದ್ದರೆ ಒಣ ಬ್ರಷ್‌ನಿಂದ ಗುಡಿಸಿ, ಪುಡಿಯನ್ನು ಎತ್ತಿ ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಗೇ ಹೋಗುತ್ತದೆ. ವಾರಕ್ಕೊಮ್ಮೆ ಹೀಗೆ ಗುಡಿಸುತ್ತಾ ಜನವರಿವರೆಗೆ ಬಯಲು ಬಿಡಿ. ಗಾರೆ ಬಿದ್ದುಹೋದಲ್ಲಿ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆಯಿಂದಲೇ ಮುಚ್ಚಬೇಕು. ಇಷ್ಟಾದರೂ ಫೆಬ್ರವರಿಗೆ ಗೋಡೆ ಪೂರ್ತಿ ಒಣಗುವುದಿಲ್ಲ. ಆದ್ದರಿಂದ ಆ ಭಾಗಕ್ಕೆ ಸುಣ್ಣವೇ ಸರಿ, ತೇವದ ಗೋಡೆಯನ್ನು ಅದು ಸಹಿಸುತ್ತದೆ.

ಮೇಲಿನ ಭಾಗದಲ್ಲಿ ಗಟ್ಟಿಯಾದ ಎಮಲ್ಷನ್ ಇದ್ದು, ಕೆಳಗೆ ಸುಣ್ಣ ಬಂದರೆ ಎರಡರ ಮೈ ಬೇರೆ ಬೇರೆ ಕಾಣುತ್ತದೆ. ಅದನ್ನು ಮುಚ್ಚಿಡಲು ಹೋಗಬೇಡಿ, ಬೇಕೆಂದೇ ಮಾಡಿದಂತೆ ಮಾಡಿ: ಕೆಳಗೆ ಕಾವಿಹಳದಿ ಸುಣ್ಣ, ಮೇಲೆ ಮಜ್ಜಿಗೆ ಬಿಳಿ ಎಮಲ್ಷನ್, ನಡುವೆ ಒಂದಿಂಚಿನ ಕೆಂಪು ಕಾರಣೆ, ಅಂದರೆ ಕೆಮ್ಮಣ್ಣಿನ ಬಣ್ಣದ ಪಟ್ಟಿ. ಗೆರೆಯನ್ನು ನೆಲದಿಂದ ಅಳೆದು ಎಳೆಯಬೇಡಿ, ಹಳೆ ನೆಲ ಒಂದು ಮಟ್ಟದಲ್ಲಿ ಇರುವುದೇ ಇಲ್ಲ. ಕಿಟಕಿಯ ಕೆಳಚೌಕಟ್ಟಿನ ಸಾಲಿಗೆ ಹಿಡಿದು, ಟ್ಯೂಬ್ ಲೆವೆಲ್‌ನಲ್ಲಿ (ಮಟ್ಟ ನೋಡುವ ನೀರು ತುಂಬಿದ ಪೈಪು) ಗುರುತು ಹಾಕಿ ದಾರ ಮಿಡಿಯಿರಿ.

ಸುಣ್ಣಕ್ಕೆ: ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು ಐದು ಲೀಟರ್ ನೀರು. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ಹಾಕಿ, ಆಮೇಲೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು. ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಬೇಡ, ಕಣ್ಣಿಗೆ ಕನ್ನಡಕ, ಕೈಗೆ ಗವಸು ಇರಲೇಬೇಕು, ಮಕ್ಕಳು ಹತ್ತಿರ ಸುಳಿಯಬಾರದು. ಎರಡು ದಿನವಾದರೂ ನೆನೆಯಲಿ, ಹೆಚ್ಚು ದಿನವಾದಷ್ಟೂ ಒಳ್ಳೆಯದು. ದಪ್ಪ ಬಟ್ಟೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿದ ಗೋಂದನ್ನು ಲೀಟರಿಗೆ ನಾಲ್ಕು ಗ್ರಾಂನಂತೆ ಸೇರಿಸಿ. ಅಚ್ಚ ಬಿಳಿ ಬೇಕಾದಲ್ಲಿ ಕಿಲೋ ಸುಣ್ಣಕ್ಕೆ ಮೂರು ಗ್ರಾಂ ಮೀರದಂತೆ ನೀಲ ಹಾಕುವ ರೂಢಿ ಇದೆ. ಆದರೆ ಕೆಂಪು ನೆಲದ ಮನೆಗೆ ಅದು ಬೇಡ ಎನ್ನುತ್ತೇನೆ, ಕಾರಣ ಮೇಲೆ ಹೇಳಿದ್ದೇ.

ಬಣ್ಣಕ್ಕೆ ಎಲ್ಲ ಪುಡಿಯೂ ಸುಣ್ಣದಲ್ಲಿ ನಿಲ್ಲುವುದಿಲ್ಲ. ಕೆಂಪು, ಹಳದಿ, ಕಪ್ಪು ಆಕ್ಸೈಡ್‌ಗಳು ಮತ್ತು ಕ್ರೋಮಿಯಂ ಆಕ್ಸೈಡ್ ಹಸಿರು ನಿಲ್ಲುತ್ತವೆ. ಪ್ರಷ್ಯನ್ ನೀಲಿ ಸುಣ್ಣದ ಖಾರಕ್ಕೆ ಕೆಟ್ಟು ಕಂದಾಗುತ್ತದೆ. ಸುಣ್ಣದ ತೂಕದ ನೂರಕ್ಕೆ ಐದರಿಂದ ಹತ್ತು ಪಾಲು ಮೀರಬಾರದು, ಮೀರಿದರೆ ಬಣ್ಣ ಪುಡಿಯಾಗಿ ಕೈಗೆ ಬರುತ್ತದೆ. ಸುಣ್ಣದಲ್ಲಿ ಗಾಢ ಬಣ್ಣ ಸಿಗದಿರುವುದು ಇದೇ ಕಾರಣಕ್ಕೆ, ಅದರ ಪ್ಯಾಲೆಟ್ ಹುಟ್ಟಿನಿಂದಲೇ ತಿಳಿ. ಪುಡಿಯನ್ನು ತೂಗಿ, ಬಿಸಿನೀರಿನಲ್ಲಿ ಕಲಸಿ, ಸೋಸಿ ಹಾಕಿ. ನೇರವಾಗಿ ಸುರಿದರೆ ಬ್ರಷ್ ಎಳೆದಲ್ಲೆಲ್ಲ ಗೆರೆ ಬೀಳುತ್ತದೆ. ಒದ್ದೆಯಿರುವಾಗ ಬಣ್ಣ ಗಾಢವಾಗಿ ಕಂಡು ಹೆದರಿಸುತ್ತದೆ, ಒಣಗಿದಾಗ ಎಷ್ಟೋ ತಿಳಿಯಾಗುತ್ತದೆ. ಹಾಗಾಗಿ ಒಂದು ದಿನ ಒಣಗಿಸಿದ ಮಾದರಿ ನೋಡಿಯೇ ತೀರ್ಮಾನಿಸಿ. ಒಂದು ಕೋಣೆಗೆ ಬೇಕಾದಷ್ಟನ್ನು ಒಂದೇ ಸಲ ಕಲಸಿ, ಎರಡನೇ ಸಲ ಅದೇ ಬಣ್ಣ ಬರುವುದಿಲ್ಲ. ಗೋಡೆಗೆ ನೀರು ಚಿಮುಕಿಸಿ, ಹಾಲಿನಷ್ಟು ತೆಳುವಾಗಿ ಮೂರು-ನಾಲ್ಕು ಕೋಟ್, ಒಂದೊಂದಕ್ಕೂ ಒಂದು ದಿನದ ಬಿಡುವು. ದಪ್ಪಗೆ ಒಂದೇ ಕೋಟ್ ಬಳಿದರೆ ಬಿರಿದು ಉದುರುತ್ತದೆ. ನೆಲಕ್ಕೆ ಮೊದಲೇ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗೋಣಿಚೀಲ ಹಾಸಿ. ರೆಡ್ ಆಕ್ಸೈಡ್ ಮೇಲೆ ಬಿದ್ದ ಸುಣ್ಣದ ಹನಿಯ ಬಿಳಿ ಕಲೆ ಸುಲಭಕ್ಕೆ ಹೋಗುವುದಿಲ್ಲ.

ಒಳಗಿನ ಒಣ ಗೋಡೆಗಳ ಮೇಲೆ ಈಗಾಗಲೇ ಎಮಲ್ಷನ್ ಇದ್ದರೆ ಅದರ ಮೇಲೇ ಹೊಡೆಯಬಹುದು. ಸಡಿಲ ಇದ್ದದ್ದನ್ನು ಕೆರೆದು, ಉಜ್ಜಿ, ಪ್ರೈಮರ್ ಕೊಟ್ಟು ಎರಡು ಕೋಟ್. ಪೂರ್ತಿ ಪುಟ್ಟಿ ಬೇಡ, ಗುಂಡಿಗಳಿಗಷ್ಟೇ ಸಾಕು. ಮ್ಯಾಟ್ ಫಿನಿಶ್ ತೆಗೆದುಕೊಳ್ಳಿ. ಹೊಳಪಿನ ಪೈಂಟ್ ಹಳೆ ಗೋಡೆಯ ಉಬ್ಬುತಗ್ಗನ್ನೆಲ್ಲ ದೀಪ ಹಚ್ಚಿ ತೋರಿಸುತ್ತದೆ. ಲೆಕ್ಕಕ್ಕೆ: 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ 560 ಚದರಡಿ ಗೋಡೆ, ಎರಡು ಬಾಗಿಲು, ಮೂರು ಕಿಟಕಿ ಕಳೆದರೆ 480ರ ಹತ್ತಿರ. ಡಬ್ಬಿಯ ಮೇಲೆ ಎರಡು ಕೋಟಿಗೆ ಲೀಟರಿಗೆ 100-120 ಚದರಡಿ ಎಂದಿದ್ದರೂ ಒರಟು ಗೋಡೆಗೆ 80 ಹಿಡಿಯಿರಿ, ಆರು ಲೀಟರ್ ಬೇಕು. ಮೆಷಿನ್ನಿನಲ್ಲಿ ಬಣ್ಣ ಕಲಸಿದ ಡಬ್ಬಿಗಳಿಗೆ ಒಂದಕ್ಕೊಂದು ಎಳೆ ವ್ಯತ್ಯಾಸ ಇರಬಹುದು, ಎಲ್ಲವನ್ನೂ ಒಂದೇ ದೊಡ್ಡ ಬಕೆಟ್ಟಿಗೆ ಸುರಿದು ಕದಡಿ ಬಳಸಿ. ಅರ್ಧ ಲೀಟರ್ ಮುಂದಿನ ತೇಪೆಗೆ ಎತ್ತಿಡಿ.

ಬಾಗಿಲು-ಕಿಟಕಿಗೆ ಬಿಳಿ ಬೇಡ. ಮರ ಈವರೆಗೂ ಬಣ್ಣ ಕಂಡಿಲ್ಲವಾದರೆ ಒರೆಸಿ, ಬೇಯಿಸಿದ ಲಿನ್ಸೀಡ್ ಎಣ್ಣೆಯನ್ನು ತೆಳುವಾಗಿ ಹಚ್ಚಿ ಒರೆಸಿ ತೆಗೆದರೆ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ತಾನಾಗಿಯೇ ಬೆಂಕಿ ಹತ್ತಿಕೊಳ್ಳುತ್ತದೆ. ಬಯಲಲ್ಲಿ ಹರವಿ ಒಣಗಿಸಿ. ಹಳೆ ಆಯಿಲ್ ಪೈಂಟ್ ಇದ್ದರೆ ಅದರಲ್ಲಿ ಸೀಸ ಇದೆಯೆಂದೇ ತಿಳಿದು ನಡೆಯಿರಿ. ನಮ್ಮ ದೇಶದಲ್ಲಿ ಮನೆ ಬಳಕೆಯ ಪೈಂಟಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಹಳೆ ಪೈಂಟನ್ನು ಬ್ಲೋ ಲ್ಯಾಂಪ್‌ನಲ್ಲಿ ಸುಡಿಸಬೇಡಿ, ಒಣ ಸ್ಯಾಂಡ್ ಪೇಪರ್ ಹಾಕಿಸಬೇಡಿ. ವಾಟರ್ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿ, ಕೆಸರನ್ನು ಒರೆಸಿ ತೆಗೆಯಿರಿ, ಚಿಕ್ಕ ಮಕ್ಕಳು, ಬಸುರಿಯರು ಆ ದಿನ ಬೇರೆಡೆ ಇರಲಿ. ಮೇಲೆ ಕಡುಹಸಿರು ಅಥವಾ ಕಡುಗಂದು, ಅರೆಹೊಳಪಿನದು.

ಒಲೆ ಉರಿದ ಅಡುಗೆಮನೆಯಾದರೆ ಇಲ್ಲಣ ಗುಡಿಸಿ, ವಾಷಿಂಗ್ ಸೋಡಾದ ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಒಣಗಿದ ಮೇಲೆ ಕಲೆ ತಡೆಯುವ ಪ್ರೈಮರ್ ಹೊಡೆಯಲೇಬೇಕು. ಇಲ್ಲದಿದ್ದರೆ ಹೊಗೆಯ ಕಂದು ನೀರುಪೈಂಟಿನ ಮೂಲಕ ಮತ್ತೆ ಮೇಲೆ ಬರುತ್ತದೆ, ಎಷ್ಟು ಕೋಟ್ ಹಾಕಿದರೂ.

ಹೊರಗೋಡೆಯಲ್ಲಿ ಪಡುವಣ ಮತ್ತು ನೈಋತ್ಯದ ಮುಖಗಳು ಮಳೆಯ ಎರಚಲು ತಿನ್ನುತ್ತವೆ. ಪಾಚಿಯನ್ನು ಕೆರೆದು, ಬ್ಲೀಚಿಂಗ್ ಪೌಡರ್ ನೀರು ಹಚ್ಚಿ ತೊಳೆದು ಒಣಗಿಸದೆ ಬಳಿದರೆ ಎರಡನೇ ಮಳೆಗೇ ಕಪ್ಪಾಗುತ್ತದೆ. ಬಿಳಿಗಿಂತ ಕಾವಿಹಳದಿ ಒಳ್ಳೆಯದು, ಬುಡದ ಎರಡಡಿಗೆ ಕೆಮ್ಮಣ್ಣಿನ ಬಣ್ಣ. ಹಿಂದಿನವರು ಕಾರಣೆ ಬಳಿದದ್ದು ಅಂದಕ್ಕಷ್ಟೇ ಅಲ್ಲ, ಸೂರಿನ ನೀರು ಚಿಮ್ಮಿಸುವ ಕೆಸರು ಅದರಲ್ಲಿ ಕಾಣುವುದಿಲ್ಲ.

ಕಾಫಿ ಕೊಯ್ಲಿನ ನಡುವೆ ಆಳು ಸಿಗುವುದು ಕಷ್ಟ, ಪೈಂಟರನ್ನು ಈಗಲೇ ಮಾತಾಡಿಡಿ. ನವೆಂಬರ್‌ನಲ್ಲಿ ಕೆರೆತ ಮತ್ತು ಚರಂಡಿ, ಡಿಸೆಂಬರ್‌ನಲ್ಲಿ ಗಾರೆ ತೇಪೆ ಮತ್ತು ಮರಗೆಲಸ, ಜನವರಿ ಮೂರನೇ ವಾರದಿಂದ ಬಣ್ಣ, ಫೆಬ್ರವರಿ ಹತ್ತರೊಳಗೆ ಮುಕ್ತಾಯ. ಹೊರಗೋಡೆಯಲ್ಲಿ ಮುಂಭಾಗ ಮಾತ್ರ ಈ ವರ್ಷ ಸಾಕು. ಸುಣ್ಣ ಹೊಡೆದ ಗೋಡೆಗೆ, ಕೊನೆಯ ಕೋಟ್ ಒಣಗಿ ಎರಡು ದಿನವಾದ ಮೇಲೆ, ಕಪ್ಪು ಬಟ್ಟೆ ಉಜ್ಜಿ ನೋಡಿ. ಪುಡಿ ಅಂಟಿದರೆ ಗೋಂದು ಸೇರಿಸಿದ ಇನ್ನೊಂದು ತೆಳು ಕೋಟ್ ಕೊಡಿ. ಇಲ್ಲವಾದರೆ ಮದುವೆ ದಿನ ಗೋಡೆಗೆ ಒರಗಿದವರ ರೇಷ್ಮೆ ಸೀರೆಗೆಲ್ಲ ಸುಣ್ಣ ಹತ್ತುತ್ತದೆ.